ಪೈಪ್ ತಂಬಾಕು 'ಮೈಲ್ಡ್' ಅಂತೆ. ಯಾರಿಗೆ?

(1/3)
ಪೈಪ್ ತಂಬಾಕು ಹೋಲಿಸೋ ರೀಲ್ಸ್ ನಿಮ್ಮ ಫೀಡ್‌ಗೂ ಬರ್ತಿರಬೇಕು. ಮರದ ಟೇಬಲ್, ಹಳೇ ಪುಸ್ತಕ, ನಾಲ್ಕು ತಗಡಿನ ಡಬ್ಬಿ, ಹಿಂದೆ ಪಿಯಾನೊ. "ಇದರಲ್ಲಿ ಅಂಜೂರದ ಸಿಹಿ, ಇದರಲ್ಲಿ ಒಣಹುಲ್ಲಿನ ವಾಸನೆ, ಇದು ವೆನಿಲ್ಲಾ, ಬಿಗಿನರ್‌ಗೆ ಮೈಲ್ಡ್, ಹತ್ತಕ್ಕೆ ಎಂಟು." ಅದನ್ನ ಗ್ರೂಪಲ್ಲಿ ಶೇರ್ ಮಾಡಿ "ಸಿಗರೇಟಿಗಿಂತ ವಾಸಿ ಗುರು, ಕ್ಲಾಸಾಗಿದೆ" ಅಂದವರೂ ನಿಮ್ಮಲ್ಲೇ ಇದ್ದೀರಿ.

ಹೋಲಿಸಿ, ಬೇಡ ಅನ್ನಲ್ಲ. ಆದರೆ ಪೂರ್ತಿ ಹೋಲಿಸಿ. ಖರ್ಚಿನ ಕಾಲಂ ಬಿಟ್ಟು ಬರೀ ಆದಾಯ ಬರೆದ ಲೆಕ್ಕಕ್ಕೆ ಅಕೌಂಟ್ಸ್ ಪೇಪರ್‌ನಲ್ಲಿ ಎಷ್ಟು ಮಾರ್ಕ್ಸ್ ಬರುತ್ತೆ ಅಂತ ನಿಮಗೇ ಗೊತ್ತು.

ಡಬ್ಬಿಯೊಳಗೆ ಇರೋದನ್ನೇ ತಗೊಳ್ಳಿ. ವರ್ಜೀನಿಯಾ ಎಲೆಯನ್ನ ಮುಚ್ಚಿದ ಬ್ಯಾರನ್‌ನಲ್ಲಿ, ಹೊಗೆ ತಾಗದ ಹಾಗೆ, ಕೊಳವೆಯ ಬಿಸಿಯಲ್ಲಿ ಸುಮಾರು ಒಂದು ವಾರ ಹದ ಮಾಡ್ತಾರೆ. ಅದರಿಂದ ಸಕ್ಕರೆ ಅಂಶ ಉಳಿಯುತ್ತೆ, ಆ 'ಅಂಜೂರದ ಸಿಹಿ'ಯ ಮೂಲ ಅದೇ. ಬರ್ಲಿ ನೆರಳಲ್ಲಿ ಗಾಳಿಗೆ ವಾರಗಟ್ಟಲೆ ಒಣಗಿದ್ದು, ಸಕ್ಕರೆ ಹೆಚ್ಚುಕಡಿಮೆ ಇಲ್ಲ. ಸ್ಪಂಜಿನ ಹಾಗೆ ಬೇರೆ ರುಚಿ ಹೀರ್ಕೊಳ್ಳುತ್ತೆ, ಹಾಗಾಗಿ ಚಾಕೊಲೇಟ್ ಪಾಕ ಎಲ್ಲ ಅದರ ಮೇಲೇ. ಲಟಾಕಿಯಾ ಅನ್ನೋದು ಸಿರಿಯಾದ ಬಂದರಿನ ಹೆಸರು; ಈಗ ಹೆಚ್ಚಾಗಿ ಸೈಪ್ರಸ್‌ನದು, ಕಟ್ಟಿಗೆ ಹೊಗೆ ಹಾಕಿ ಕಪ್ಪಾಗಿಸಿದ್ದು. ಪೆರೀಕ್ ಅಮೆರಿಕದ ಲೂಸಿಯಾನಾದಲ್ಲಿ ಪೀಪಾಯಿಯೊಳಗೆ ಅದುಮಿಟ್ಟು ಹುದುಗಿಸಿದ್ದು. ಸ್ವಾರಸ್ಯದ ವಿದ್ಯೆ, ಒಪ್ಕೋತೀನಿ.

(2/3)
ಈಗ ಬಿಟ್ಟುಹೋದ ಕಾಲಂ. 'ಮೈಲ್ಡ್' ಅಂದ ಮಾತ್ರಕ್ಕೆ ನಿಕೋಟಿನ್ ಇಲ್ಲ ಅಂತಲ್ಲ. ವೆನಿಲ್ಲಾ ಸುರಿದ ಮಾತ್ರಕ್ಕೆ ನಿಕೋಟಿನ್ ಎದ್ದು ಹೋಗಲ್ಲ.

"ನಾನು ಒಳಗೆ ಎಳ್ಕೊಳ್ಳಲ್ಲ, ಬಾಯಲ್ಲಿಟ್ಟು ಬಿಡ್ತೀನಿ" ಅಂತೀರಲ್ಲ, ಅದಕ್ಕೂ ಉತ್ತರ ಇದೆ. ಸಿಗರೇಟಿನ ಹೊಗೆ ಸ್ವಲ್ಪ ಆಮ್ಲೀಯ, ಅದರ ನಿಕೋಟಿನ್ ಹೆಚ್ಚಾಗಿ ಶ್ವಾಸಕೋಶಕ್ಕೆ ಇಳಿದ ಮೇಲೇ ರಕ್ತ ಸೇರೋದು. ಪೈಪಿನ ಹೊಗೆ ಸಾಮಾನ್ಯವಾಗಿ ಕ್ಷಾರೀಯ. ಬಾಯಿಯ ಒಳಚರ್ಮವೇ ನಿಕೋಟಿನ್ನನ್ನ ಹೀರ್ಕೊಳ್ಳುತ್ತೆ, ಎಳೆಯೋ ಅಗತ್ಯವೇ ಇಲ್ಲ.

ಹೊಗೆ ಎಳ್ಕೊಳ್ಳದ ಪೈಪಿನವರಿಗೆ ಸಿಗರೇಟಿನವರಿಗಿಂತ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಕಮ್ಮಿ ಅನ್ನೋದು ನಿಜ. ಆದರೆ ಯಾವುದನ್ನೂ ಸೇದದವರ ಪಕ್ಕ ನಿಲ್ಲಿಸಿ ನೋಡಿ, ಹೆಚ್ಚೇ. ಬಾಯಿ, ಗಂಟಲು, ಅನ್ನನಾಳದ ಲೆಕ್ಕ ಬೇರೆ. ಪೈಪಿಗೂ ತುಟಿಯ ಕ್ಯಾನ್ಸರಿಗೂ ನಂಟಿದೆ ಅಂತ ಜರ್ಮನಿಯ ವೈದ್ಯ ಸೊಮರಿಂಗ್ ಬರೆದದ್ದು 1795ರಲ್ಲಿ. ಆಗ ಸಿಗರೇಟು ಫ್ಯಾಕ್ಟರಿಯೇ ಇರಲಿಲ್ಲ ಮಾರಾಯ್ರೆ!

(3/3)
ಡಬ್ಬಿ ಫಾರಿನ್ ಅಂತ ಹೊಳಪು ಕಾಣೋರಿಗೆ ಒಂದು ಮಾತು. ಅದೇ ವರ್ಜೀನಿಯಾ ಜಾತಿಯ ಹೊಗೆಸೊಪ್ಪು ನಮ್ಮ ಹುಣಸೂರು, ಪಿರಿಯಾಪಟ್ಟಣದಲ್ಲೂ ಬೆಳೆಯುತ್ತೆ, ಹೆಚ್ಚಾಗಿ ಸಿಗರೇಟಿಗಾಗಿ. ಮಳೆಗೆ ಒದ್ದೆಯಾದ ಸೊಪ್ಪು ಕೀಳೋರಿಗೆ ಚರ್ಮದಿಂದಲೇ ನಿಕೋಟಿನ್ ಏರಿ ತಲೆಸುತ್ತು, ವಾಂತಿ ಬರುತ್ತೆ. ಬ್ಯಾರನ್ ಉರಿಯೋಕೆ ರಾಶಿ ರಾಶಿ ಸೌದೆ ಬೇಕು. ರಿವ್ಯೂಗಳಲ್ಲಿ 'ರೂಮ್ ನೋಟ್' ಅಂತ ಒಂದು ಕಾಲಂ ಇರುತ್ತೆ, ಪಕ್ಕದಲ್ಲಿ ಕೂತವರಿಗೆ ವಾಸನೆ ಹೇಗಿದೆ ಅಂತ. ಹಾಗಾದ್ರೆ 'ಬ್ಯಾರನ್ ನೋಟ್' ಯಾಕಿಲ್ಲ?

ಇನ್ನು 'ಬಿಗಿನರ್‌ಗೆ' ಅನ್ನೋ ಪದ. ಕರ್ನಾಟಕದಲ್ಲಿ ಈಗ 21 ತುಂಬದವರಿಗೆ ತಂಬಾಕು ಮಾರೋ ಹಾಗಿಲ್ಲ. ನನಗೆ 20, ನಿಮ್ಮಲ್ಲಿ ಬಹಳ ಜನ ಇನ್ನೂ ಚಿಕ್ಕವರು. ಹಾಗಾದ್ರೆ ಆ ರೀಲ್ ಯಾವ ಬಿಗಿನರ್‌ನ ಹುಡುಕ್ತಿದೆ?

ಮುಂದಿನ ಸಲ ಬಂದಾಗ ಲೈಕ್ ಒತ್ತೋ ಮುಂಚೆ ಕಾಮೆಂಟಲ್ಲಿ ಕೇಳಿ: "ಅಣ್ಣಾ, ಈ ನಾಲ್ಕರಲ್ಲಿ ನಿಕೋಟಿನ್ ಎಷ್ಟೆಷ್ಟು?" ಉತ್ತರ ಬಂದ್ರೆ ಸ್ಕ್ರೀನ್‌ಶಾಟ್ ಕಳ್ಸಿ, ಸ್ಟೋರಿಗೆ ಹಾಕ್ತೀನಿ. ಬ್ಲಾಕ್ ಮಾಡಿದ್ರೆ ಅದರದ್ದೂ ಕಳ್ಸಿ.