ಗಾಜಿನ ತೊಟ್ಟಿಯಲ್ಲಿ ಆಮೆ ಮತ್ತು ಮೀನು

ವಿದ್ಯಾಲಯಗಳ ಪಡಸಾಲೆಯಲ್ಲಿ ಮೀನುಗಳ ಗಾಜಿನ ತೊಟ್ಟಿಯನ್ನು ಇಡುವ ಪದ್ಧತಿ ಇಂದು ಸಣ್ಣ ಊರುಗಳವರೆಗೂ ಹಬ್ಬಿದೆ. ಹಳೆಯ ವಿದ್ಯಾರ್ಥಿಗಳೋ ಉದಾರಿಗಳಾದ ದಾನಿಗಳೋ ಇಂಥ ತೊಟ್ಟಿಯನ್ನು ಅಭಿಮಾನದಿಂದ ಕೊಡುತ್ತಾರೆ; ಮಕ್ಕಳು ಬಿಡುವಿನ ವೇಳೆಯಲ್ಲಿ ಅದರ ಸುತ್ತ ನೆರೆಯುತ್ತಾರೆ. ಪಠ್ಯಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡಿದ್ದ ಕಿವಿರು, ಈಜುರೆಕ್ಕೆಗಳನ್ನು ಕಣ್ಣಾರೆ ಕಾಣುವ ಈ ಅವಕಾಶ ಸ್ತುತ್ಯವಾದುದೇ. ಆದರೆ ತೊಟ್ಟಿಯ ಶೋಭೆ ಹೆಚ್ಚಲೆಂದು ಅದರೊಳಕ್ಕೆ ಒಂದೆರಡು ಆಮೆಮರಿಗಳನ್ನೂ ಬಿಡುವ ರೂಢಿ ವಿಚಾರಾರ್ಹವಾದುದು. ಎರಡೂ ನೀರಿನ ಜೀವಿಗಳಲ್ಲವೇ, ಒಟ್ಟಿಗಿದ್ದರೆ ತಪ್ಪೇನು ಎಂದು ಕೇಳುವವರುಂಟು. ತಪ್ಪಿದೆ. ಈ ಸಹವಾಸ ಮೀನಿಗೂ ಆಮೆಗೂ ಹಾನಿಕರ. ನೋಡಿ ಕಲಿಯುವ ಮಕ್ಕಳಿಗೆ ಅದು ತಪ್ಪು ಪಾಠ.

ಅಂಗಡಿಗಳಲ್ಲಿ ಸಾಮಾನ್ಯವಾಗಿ ಮಾರಾಟವಾಗುವುದು ರೆಡ್ ಇಯರ್ಡ್ ಸ್ಲೈಡರ್ ಎಂಬ ಆಮೆ. ಕಣ್ಣಿನ ಹಿಂಬದಿಯಲ್ಲಿ ಕೆಂಪು ಪಟ್ಟೆಯಿರುವುದರಿಂದ ಅದಕ್ಕೆ ಈ ಹೆಸರು. ಅದರ ತವರು ಅಮೆರಿಕದ ಮಿಸಿಸಿಪಿ ನದಿಯ ಕಣಿವೆ. ಕೊಳ್ಳುವಾಗ ಮಗುವಿನ ಅಂಗೈಯಲ್ಲಿ ಅಡಗುವಷ್ಟು ಪುಟ್ಟದಾದ ಈ ಮರಿ, ಬೆಳೆದಾಗ ಚಿಪ್ಪಿನ ಉದ್ದವೊಂದೇ 25ರಿಂದ 30 ಸೆಂಟಿಮೀಟರ್ ಆಗಬಲ್ಲದು; ಸರಿಯಾದ ಆರೈಕೆ ದೊರೆತರೆ 20-30 ವರ್ಷ ಬದುಕಬಲ್ಲದು. ಐದನೆಯ ತರಗತಿಯ ಬಾಲಕನೊಬ್ಬ ತಂದ ಮರಿ, ಅವನ ಮಗ ಅದೇ ಶಾಲೆಗೆ ಸೇರುವ ಕಾಲಕ್ಕೂ ಜೀವಂತವಾಗಿರಬಹುದು. ಕೊಳ್ಳುವವರಲ್ಲಿ ಎಷ್ಟು ಮಂದಿ ಇಷ್ಟು ದೂರ ಯೋಚಿಸಿರುತ್ತಾರೆ?

ಮೀನು ಕಿವಿರಿನಿಂದ ಉಸಿರಾಡುತ್ತದೆ. ನೀರನ್ನು ಬಿಟ್ಟು ಬರುವ ಅಗತ್ಯ ಅದಕ್ಕಿಲ್ಲ. ಆಮೆಗಾದರೋ ಶ್ವಾಸಕೋಶಗಳಿವೆ, ಅದು ಗಾಳಿಗಾಗಿ ಮೇಲೆ ಬರಬೇಕು, ದಿನವೂ ಕೆಲವು ಗಂಟೆ ನೀರಿನಿಂದ ಹೊರಗೆ ಒಣಗಿದ ಕಲ್ಲಿನ ಮೇಲೆ ಮೈ ಕಾಯಿಸಬೇಕು. ಬಿಸಿಲಿನ ಅತಿನೇರಳೆ ಕಿರಣಗಳಿಲ್ಲದೆ ಅದರ ದೇಹದಲ್ಲಿ ಡಿ ಜೀವಸತ್ವ ಸಿದ್ಧವಾಗದು; ಆಗ ಚಿಪ್ಪು ಮೆತ್ತಗಾಗಿ ವಿಕಾರಗೊಳ್ಳುತ್ತದೆ. ಗಾಜನ್ನು ಹಾಯ್ದು ಬರುವ ಬೆಳಕಿನಲ್ಲಿ ಈ ಕಿರಣಗಳು ಬಹುಪಾಲು ಉಳಿಯುವುದಿಲ್ಲ. ಮೀನಿಗಾಗಿ ತೊಟ್ಟಿಯನ್ನು ತುಂಬಿದರೆ ಆಮೆಗೆ ಹತ್ತಿ ಕೂರಲು ನೆಲೆಯಿಲ್ಲ. ಆಮೆಗಾಗಿ ನೀರನ್ನು ಇಳಿಸಿದರೆ ಮೀನಿಗೆ ಈಜಲು ಎಡೆಯಿಲ್ಲ. ಎಲ್ಲರ ಮೆಚ್ಚಿನ ಗೋಲ್ಡ್ ಫಿಶ್ ತಂಪು ನೀರನ್ನು ಬಯಸುವ ಮೀನು. ಈ ಆಮೆಗೆ ಬೆಚ್ಚನೆಯ ನೀರು ಬೇಕು. ಒಂದೇ ತೊಟ್ಟಿ ಇಬ್ಬರಿಗೂ ಮನೆಯಾಗುವುದು ಕಷ್ಟ.

ಇನ್ನು ಆಹಾರದ ಮಾತು. ಮರಿ ಚಿಕ್ಕದು, ಏನು ಮಾಡೀತು ಎಂಬ ನಂಬಿಕೆ ತಲೆಕೆಳಗಾದುದು. ಈ ಆಮೆಗಳು ಎಳವೆಯಲ್ಲಿಯೇ ಹೆಚ್ಚು ಮಾಂಸಾಹಾರಿಗಳು; ಬೆಳೆದಂತೆ ಸೊಪ್ಪು ಸದೆಯ ಕಡೆಗೆ ವಾಲುತ್ತವೆ. ಜಾಲರಿಯಂಥ ಉದ್ದ ಬಾಲವನ್ನು ಬೀಸುತ್ತ ಮಂದಗತಿಯಲ್ಲಿ ಸಾಗುವ ಗೋಲ್ಡ್ ಫಿಶ್ ಅವಕ್ಕೆ ಸುಲಭವಾದ ತುತ್ತು. ಮೊದಲು ಬಾಲದ ಅಂಚು ಹರಿಯುತ್ತದೆ, ಗಾಯಕ್ಕೆ ಬೂಷ್ಟು ಹಿಡಿಯುತ್ತದೆ, ಒಂದು ದಿನ ಮೀನೇ ಕಾಣದಾಗುತ್ತದೆ. ತಿಂದ ಆಮೆಗೂ ಅದರಿಂದ ಕ್ಷೇಮವಿಲ್ಲ: ಗೋಲ್ಡ್ ಫಿಶ್‌ನ ದೇಹದಲ್ಲಿರುವ ಒಂದು ಕಿಣ್ವ ಬಿ-1 ಜೀವಸತ್ವವನ್ನು ನಾಶಪಡಿಸುವುದರಿಂದ, ಅದನ್ನೇ ಪದೇ ಪದೇ ತಿನ್ನುವ ಆಮೆ ಆ ಜೀವಸತ್ವದ ಕೊರತೆಯಿಂದ ನರಳುತ್ತದೆ.

ಕಣ್ಣಿಗೆ ಕಾಣದ ಅಪಾಯ ನೀರಿನಲ್ಲಿದೆ. ಮಲಮೂತ್ರಗಳಿಂದಲೂ ಕೊಳೆತ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ತೊಟ್ಟಿಯಲ್ಲಿ ನೆಲಸಿದ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಬಳಿಕ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಅಮೋನಿಯ, ನೈಟ್ರೈಟ್‌ಗಳೆರಡೂ ಮೀನಿಗೆ ವಿಷ. ಆಮೆ ಆಹಾರವನ್ನು ಹರಿದು ಚೆಲ್ಲಾಡಿ ತಿನ್ನುತ್ತದೆ, ಮೀನಿಗಿಂತ ಬಹಳ ಹೆಚ್ಚು ಹೊಲಸು ಮಾಡುತ್ತದೆ. ಮೀನಿಗೆಂದು ತಂದ ಸಣ್ಣ ಫಿಲ್ಟರ್ ಆ ಭಾರವನ್ನು ತಾಳಲಾರದು. ನೀರು ಸ್ಫಟಿಕದಂತೆ ತಿಳಿಯಾಗಿ ತೋರುತ್ತಿರುವಾಗಲೇ ಮೀನುಗಳು ಸಾಯುವುದಕ್ಕೆ ಇದು ಒಂದು ಮುಖ್ಯ ಕಾರಣ.

ಊರ ಕೆರೆಯಲ್ಲಿ ಆಮೆ ಮೀನುಗಳೆರಡೂ ಕೂಡಿ ಬಾಳುವುದಿಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರವೂ ಇಲ್ಲಿಯೇ ಇದೆ. ಕೆರೆಯ ಹರವು ಎಕರೆಗಟ್ಟಲೆ. ಅಲ್ಲಿ ಮೀನಿಗೆ ಓಡಲು ಆಳವುಂಟು, ಅಡಗಲು ಜೊಂಡುಂಟು; ಆಮೆಗೆ ಏರಿಯ ಕಲ್ಲುಂಟು, ಬಿಸಿಲುಂಟು. ಚುರುಕಾದ ಮೀನನ್ನು ಅಟ್ಟಿ ಹಿಡಿಯುವುದು ಅಲ್ಲಿ ಆಮೆಗೆ ಸುಲಭವಲ್ಲ. ಸತ್ತುದು, ಸೊರಗಿದುದು ಅದರ ಪಾಲಿಗೆ ಬರುತ್ತದೆ. ಮೂರಡಿಯ ತೊಟ್ಟಿಯಲ್ಲಿ ಬೇಟೆಗಾರನಿಗೂ ಬೇಟೆಗೂ ನಡುವೆ ಅಂತರವೇ ಇಲ್ಲ. ನೂರಾರು ಲೀಟರಿನ ವಿಶಾಲವಾದ ಕೊಳ, ಬಲವಾದ ಫಿಲ್ಟರ್, ವೇಗಶಾಲಿಯಾದ ಮೀನು, ಅನುಭವಿಗಳಾದ ಪಾಲಕರು ಇದ್ದೆಡೆ ಎರಡನ್ನೂ ಒಟ್ಟಿಗೆ ಸಾಕಿದವರಿದ್ದಾರೆ ಎಂಬುದು ನಿಜ. ಆದರೆ ಅಲ್ಲಿಯೂ ಮೀನಿನ ಪ್ರಾಣಕ್ಕೆ ಭರವಸೆಯಿಲ್ಲ.

ಮಕ್ಕಳ ಆರೋಗ್ಯದ ಪ್ರಶ್ನೆಯೂ ಉಪೇಕ್ಷಣೀಯವಲ್ಲ. ಆರೋಗ್ಯವಾಗಿ ತೋರುವ ಆಮೆಯ ಮೈಮೇಲೂ ಅದರ ನೀರಿನಲ್ಲೂ ವಾಂತಿಭೇದಿ, ಜ್ವರಗಳನ್ನು ತರುವ ಸಾಲ್ಮೊನೆಲ್ಲ ಎಂಬ ರೋಗಾಣು ಇರಬಹುದು. ಈ ಕಾರಣದಿಂದಲೇ ಅಮೆರಿಕದಲ್ಲಿ 1975ರಲ್ಲಿ, ಚಿಪ್ಪು 4 ಅಂಗುಲಕ್ಕಿಂತ ಚಿಕ್ಕದಾದ ಆಮೆಗಳನ್ನು ಸಾಕಲು ಮಾರುವುದನ್ನು ನಿಷೇಧಿಸಲಾಯಿತು. ಆಮೆಯನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಬುತ್ತಿ ಬಿಚ್ಚುವ ಬಾಲಕರನ್ನು ತಡೆಯುವವರು ಯಾರು?

ಕೊನೆಗೆ ಆಮೆ ಬೆಳೆದು ತೊಟ್ಟಿ ಸಾಲದಾದಾಗ ಅನೇಕರು ಅದನ್ನು ಪುಣ್ಯವೆಂದು ಬಗೆದು ಕೆರೆಗೋ ಕಲ್ಯಾಣಿಗೋ ಬಿಡುತ್ತಾರೆ. ಇದು ಎಲ್ಲಕ್ಕಿಂತ ದೊಡ್ಡ ಪ್ರಮಾದ. ಈ ಪರದೇಶದ ಆಮೆ ಸ್ಥಳೀಯ ಆಮೆಗಳ ಆಹಾರವನ್ನೂ ನೆಲೆಯನ್ನೂ ಕಸಿದುಕೊಳ್ಳುತ್ತದೆ. ಜಗತ್ತಿನ ಅತಿ ಹಾನಿಕರ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಯುರೋಪಿನ ಒಕ್ಕೂಟ 1997ರಲ್ಲಿಯೇ ಇದರ ಆಮದನ್ನು ನಿಲ್ಲಿಸಿತು. 2018ರಲ್ಲಿ ಗುವಾಹಟಿಯ ಉಗ್ರತಾರಾ ದೇವಾಲಯದ ಕೊಳದಲ್ಲಿ ಇದು ಕಂಡುಬಂದಿತು. ಹಾಗೆಂದು ಇದರ ಬದಲು ಈ ನಾಡಿನ ಆಮೆಯನ್ನೇ ತರುತ್ತೇವೆಂದರೆ ಅದೂ ಸಲ್ಲದು. ನಕ್ಷತ್ರ ಆಮೆಯನ್ನಾಗಲಿ ಕೆರೆಯ ಆಮೆಯನ್ನಾಗಲಿ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ನಕ್ಷತ್ರ ಆಮೆಯಂತೂ ನೆಲದ ಜೀವಿ. ಅರಿಯದೆ ತೊಟ್ಟಿಗೆ ಹಾಕಿದರೆ ಮುಳುಗಿ ಸಾಯುತ್ತದೆ.

ಬೇಸಗೆಯ ರಜೆಯಲ್ಲಿ ಶಾಲೆಯ ಬಾಗಿಲು ಮುಚ್ಚುತ್ತದೆ. ತೊಟ್ಟಿಯ ಜೀವಿಗಳ ಹಸಿವಿಗೆ ರಜೆಯಿಲ್ಲ. ಆದುದರಿಂದ ಗಾಜಿನ ತೊಟ್ಟಿಯನ್ನು ಕೊಡಬಯಸುವ ದಾನಿಗಳು ಅದರ ಜೊತೆಗೆ ಒಂದು ವರ್ಷದ ನಿರ್ವಹಣೆಯ ವೆಚ್ಚವನ್ನೂ ಸೇರಿಸಿ ಕೊಡುವುದು ಲೇಸು. ವಿಜ್ಞಾನದ ಅಧ್ಯಾಪಕರು ಅದರಲ್ಲಿ ಮೀನುಗಳನ್ನು ಮಾತ್ರ, ಅದೂ ತೊಟ್ಟಿಗೆ ತಕ್ಕಷ್ಟನ್ನೇ, ಇಡಿಸಬೇಕು. ವಾರಕ್ಕೊಮ್ಮೆ ಸ್ವಲ್ಪ ಭಾಗ ನೀರನ್ನು ಬದಲಿಸುವ ಕಾಯಕವನ್ನು ಮಕ್ಕಳ ಸರದಿಗೆ ಒಪ್ಪಿಸಬೇಕು. ಈಗಾಗಲೇ ಆಮೆಯಿರುವ ಶಾಲೆಗಳು ಅದಕ್ಕೆ ಬಿಸಿಲಿನ ನೆಲೆಯಿರುವ ಬೇರೆ ತೊಟ್ಟಿಯನ್ನು ಕಟ್ಟಿಸಲಿ. ಸಾಕಲಾಗದಿದ್ದರೆ ಕೆರೆಗೆ ಬಿಡದೆ ಅರಣ್ಯ ಇಲಾಖೆಯವರ ಸಲಹೆ ಪಡೆಯಲಿ. ಆಮೆಯನ್ನು ಕಾಣಬೇಕೆಂದು ಹಂಬಲಿಸುವ ಮಕ್ಕಳನ್ನು ಒಂದು ಬೆಳಗ್ಗೆ ಊರ ಕೆರೆಯ ಏರಿಗೆ ಕರೆದೊಯ್ದು, ಸದ್ದಿಲ್ಲದೆ ಕುಳ್ಳಿರಿಸಿ, ಬಂಡೆಯ ಮೇಲೆ ಮೈ ಕಾಯಿಸುವ ಆಮೆಯನ್ನು ತೋರಿಸುವುದು ಯಾವ ಶಾಲೆಗೂ ಅಸಾಧ್ಯವಲ್ಲ.