ವಿಳಂಬ ಯಾರ ಖಾತೆಗೆ?

ನಮ್ಮ ಬಸದಿಗಳ ಟ್ರಸ್ಟುಗಳು ಪೈಸೆ ಪೈಸೆಗೂ ಲೆಕ್ಕವಿಡುತ್ತವೆ. ಮೆಚ್ಚತಕ್ಕ ಗುಣವೇ ಸರಿ. ಆದರೆ ಅದೇ ಊರಿನ ತರುಣನೊಬ್ಬನಿಗೆ ಯಾರೂ ಆಡದ ಮಾತುಗಳು ಕಿವಿಗೆ ಬೀಳತೊಡಗಿದ ದಿನಕ್ಕೂ, ತಕ್ಕ ಔಷಧ ಆರಂಭವಾದ ದಿನಕ್ಕೂ ನಡುವೆ ಎಷ್ಟು ತಿಂಗಳು ಕಳೆದವೆಂಬ ಲೆಕ್ಕವನ್ನು ಮನೆಯವರೂ ಇಡುವುದಿಲ್ಲ, ಸಮಾಜವೂ ಕೇಳುವುದಿಲ್ಲ. ಚಿತ್ತವಿಕಲತೆಯಲ್ಲಿ ಈ ಚಿಕಿತ್ಸೆಯಿಲ್ಲದ ಅವಧಿ ಬೆಳೆದಷ್ಟೂ ಚೇತರಿಕೆ ಕಠಿಣವಾಗುವುದನ್ನು ಅನೇಕ ಅಧ್ಯಯನಗಳು ಕಂಡಿವೆ.

‘ರೋಗ ಬಂದರೆ ಯಾರೇನು ಮಾಡಲಾದೀತು?’ ಎನ್ನುವವರುಂಟು. ರೋಗ ನಮ್ಮ ಕೈಯಲ್ಲಿಲ್ಲದಿರಬಹುದು, ವಿಳಂಬ ನಮ್ಮ ಕೈಯಲ್ಲಿದೆ. ನಾರ್ವೆ ದೇಶದ ರೋಗಲ್ಯಾಂಡ್ ಪ್ರಾಂತದಲ್ಲಿ 1997 ರಿಂದ 2000 ರವರೆಗೆ ರೋಗಲಕ್ಷಣಗಳನ್ನು ಪತ್ರಿಕೆ, ಶಾಲೆ, ವೈದ್ಯರ ಮೂಲಕ ಮನೆಮನೆಗೆ ತಿಳಿಸಿ, ಕರೆದೊಡನೆ ಪರೀಕ್ಷಿಸುವ ತಂಡಗಳನ್ನು ನೇಮಿಸಿದರು. 26 ವಾರಗಳಷ್ಟಿದ್ದ ಮಧ್ಯಮ ವಿಳಂಬ 5 ವಾರಗಳಿಗೆ ಇಳಿಯಿತು. ಪ್ರಚಾರ ನಿಂತ ಬಳಿಕ ಮತ್ತೆ 15 ವಾರಗಳಿಗೆ ಏರಿತು. ಅಳೆದದ್ದರಿಂದಲೇ ಈ ಇಳಿತವೂ ಏರಿಕೆಯೂ ಗೊತ್ತಾದವು.

ನಮ್ಮಲ್ಲೇನು? ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015–16 ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬಗೆಬಗೆಯ ಮನೋರೋಗಗಳಲ್ಲಿ ಚಿಕಿತ್ಸೆ ದೊರೆಯದವರು ಶೇಕಡಾ 70 ರಿಂದ 92. ಹಾವೇರಿ ಸೀಮೆಯ ಕರ್ಜಗಿಯವರಿಗೆ ಧಾರವಾಡವೇನು ಪರದೇಶವಲ್ಲ. ಅಲ್ಲಿಯ ಮಾನಸಿಕ ಆಸ್ಪತ್ರೆ, ಇಂದಿನ ಡಿಮ್ಹಾನ್ಸ್, ಬೆಳಗ್ಗೆ ಹೊರಟರೆ ಸಂಜೆಗೆ ಮರಳಬಹುದಾದಷ್ಟು ಹತ್ತಿರ. ಹಾಗಿದ್ದರೆ ತಿಂಗಳುಗಳು ಕಳೆಯುವುದೆಲ್ಲಿ? ‘ಗಾಳಿ ಸೋಂಕಿದೆ’ ಎಂದು ಅಲೆದಾಡುವುದರಲ್ಲಿ. ‘ತಂಗಿಯ ಸಂಬಂಧ ಕೂಡಿಬರಲಿ, ಆಮೇಲೆ ನೋಡೋಣ’ ಎಂದು ಮುಚ್ಚಿಡುವುದರಲ್ಲಿ. ‘ಮದುವೆ ಮಾಡಿದರೆ ಸರಿಹೋದಾನು’ ಎಂಬ ಮಾತಿನಲ್ಲಿ. ಈ ಕೊನೆಯದಂತೂ ಒಬ್ಬನ ರೋಗಕ್ಕೆ ಇನ್ನೊಂದು ಮನೆಯ ಹೆಣ್ಣುಮಗಳನ್ನು ಔಷಧವಾಗಿ ಅರೆಯುವ ಕ್ರೌರ್ಯ. ಇರುವೆಯನ್ನೂ ನೋಡಿ ಹೆಜ್ಜೆಯಿಡುವ ನಾವು ಇದನ್ನು ಯಾವ ಹೆಸರಿನಿಂದ ಕರೆಯೋಣ?

ಲೆಕ್ಕವಿಟ್ಟರೆ ಮನೆತನದ ಮಾನ ಹೋಗುವುದೆಂಬ ಆಕ್ಷೇಪಕ್ಕೆ ಆಧಾರವಿಲ್ಲ. ಸಮಾಜಕ್ಕೆ ಬೇಕಾದುದು ಹೆಸರಲ್ಲ, ಮೂರು ದಿನಾಂಕಗಳು: ಲಕ್ಷಣ ಸ್ಪಷ್ಟವಾಗಿ ಕಂಡದ್ದು, ಮೊದಲು ನೆರವು ಕೇಳಿದ್ದು, ಚಿಕಿತ್ಸೆ ಆರಂಭವಾದದ್ದು. ಮೊದಲೆರಡರ ಅಂತರ ಮನೆಯ ವಿಳಂಬವನ್ನೂ, ಮುಂದಿನ ಅಂತರ ಅಲೆದಾಟವನ್ನೂ ವ್ಯವಸ್ಥೆಯ ವಿಳಂಬವನ್ನೂ ತೋರಿಸುತ್ತದೆ. ತಾರೀಖು ನೆನಪಿಲ್ಲದ ತಾಯಿಗೂ ಅದು ದೀಪಾವಳಿಗೆ ಮೊದಲೋ, ಮೆಣಸಿನಕಾಯಿ ಬಿಡಿಸುವ ಕಾಲಕ್ಕೋ ಎಂಬುದು ನೆನಪಿರುತ್ತದೆ. ಅಳತೆಗೆ ಅಷ್ಟು ಸಾಕು.

ಆದುದರಿಂದ ಟ್ರಸ್ಟುಗಳು ಎರಡು ಕೆಲಸ ಮಾಡಲಿ. ಹೆಸರಿಲ್ಲದ ಈ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಒತ್ತಾಯಿಸಲಿ. 2022 ರಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ಸಹಾಯವಾಣಿಯ ಸಂಖ್ಯೆ 14416 ನ್ನು ಬಸದಿಯ ಫಲಕದಲ್ಲಿ ಬರೆಸಿ, ಬಡವರಿಗೆ ಧಾರವಾಡದ ದಾರಿಖರ್ಚು ಕೊಡಲಿ. ಔಷಧದಾನವೆಂದರೆ ಗುಳಿಗೆಯ ಬೆಲೆ ಮಾತ್ರವಲ್ಲ. ಅದು ಹೊತ್ತಿಗೆ ಮುಟ್ಟುವಂತೆ ಮಾಡುವುದೂ ಹೌದು. ಕಳೆದುಹೋದ ತಿಂಗಳುಗಳನ್ನು ಯಾವ ದಾನಿಯೂ ಮರಳಿ ಕೊಡಲಾರ.