ಕೇಳಬೇಕಾದವರೇ ಕೈ ಎತ್ತಿದಾಗ

2025ರ ಜೂನ್ 22, ಆದಿತ್ಯವಾರ. ಗುಂಡ್ಯದಲ್ಲಿ ಬೆಳಗಿನ ಪೂಜೆ ಮುಗಿದ ಮೇಲೂ ಜನರು ಇಗರ್ಜಿಯ ಜಗಲಿಯಲ್ಲಿ ನಿಂತೇ ಇದ್ದರು. ಹೊರಗೆ ಸುರಿಯುತ್ತಿದ್ದ ಮಳೆ ಅದಕ್ಕೆ ಒಂದು ಕಾರಣ, ಮೊಬೈಲಿನಲ್ಲಿ ಬಂದ ಸುದ್ದಿ ಇನ್ನೊಂದು. ಆ ನಸುಕಿನಲ್ಲಿ ಅಮೆರಿಕದ ವಿಮಾನಗಳು ಇರಾನಿನ ಅಣುಕೇಂದ್ರಗಳ ಮೇಲೆ ಬಾಂಬು ಹಾಕಿದ್ದವು. ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ನನ್ನ ಬಳಿ ಬಂದರು. ಅವರ ಮಗ ಕತಾರಿನಲ್ಲಿ ಚಾಲಕ. ಮಗಳು ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿ ಇದ್ದಾಳೆ. ಕರಾವಳಿಯ ಸಾವಿರಾರು ಮನೆಗಳ ಅನ್ನ ಈ ಎರಡು ದಿಕ್ಕುಗಳಿಂದಲೇ ಬರುತ್ತದೆ. ಆಕೆ ಅಳಲಿಲ್ಲ. "ಅಲ್ಲಿ ಇದನ್ನೆಲ್ಲ ಕೇಳುವವರು ಯಾರೂ ಇಲ್ಲವಾ ಫಾದರ್?" ಎಂದು ಮಾತ್ರ ಕೇಳಿದರು.

ಸೆಮಿನರಿಯಲ್ಲಿ ವರ್ಷಗಟ್ಟಲೆ ತತ್ತ್ವಶಾಸ್ತ್ರ ಓದಿದ ನನಗೆ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ. ಕೇಳುವವರು ಇದ್ದಾರೆ; ಅವರನ್ನು ಜನಪ್ರತಿನಿಧಿಗಳು ಎಂದು ಕರೆಯುತ್ತಾರೆ. ಅವರು ಕೇಳಿದರೇ ಎಂಬುದು ಬೇರೆಯೇ ಪ್ರಶ್ನೆ. ಈ ವಾರ ಅದನ್ನೇ ವಿಚಾರ ಮಾಡೋಣ.

ಮೊದಲು ಘಟನೆಗಳ ಕ್ರಮವನ್ನು ನೆನಪಿಸಿಕೊಳ್ಳೋಣ. ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ದಾಳಿ ಆರಂಭಿಸಿತು. ಜೂನ್ 22ರಂದು ಅಮೆರಿಕವು ಫೋರ್ಡೊ, ನತಾಂಜ್ ಮತ್ತು ಇಸ್ಫಹಾನ್ ಎಂಬ ಮೂರು ಕೇಂದ್ರಗಳನ್ನು ಗುರಿಯಾಗಿಸಿತು. ಫೋರ್ಡೊ ಕೇಂದ್ರವು ಬೆಟ್ಟದ ಒಡಲಲ್ಲಿ ಇರುವುದರಿಂದ ಸುಮಾರು 13,600 ಕಿಲೋ ತೂಕದ, ನೆಲವನ್ನು ಕೊರೆದು ಸಿಡಿಯುವ ಬಾಂಬುಗಳನ್ನು ಬಳಸಲಾಯಿತು. ಜೂನ್ 23ರಂದು ಇರಾನ್ ಕತಾರಿನಲ್ಲಿರುವ ಅಮೆರಿಕದ ಅಲ್ ಉದೈದ್ ನೆಲೆಯ ಮೇಲೆ ಕ್ಷಿಪಣಿಗಳನ್ನು ಹಾರಿಸಿತು. ಕೊಲ್ಲಿಯ ಆಕಾಶಮಾರ್ಗಗಳು ಮುಚ್ಚಿದವು; ನಮ್ಮ ಜನ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದರು. ಜೂನ್ 24ರಂದು ಕದನವಿರಾಮ ಘೋಷಣೆಯಾಯಿತು.

ಈ ಹನ್ನೆರಡು ದಿನಗಳಲ್ಲಿ ಶಾಸನ ಮಾಡುವವರು ಏನು ಮಾಡುತ್ತಿದ್ದರು? ಅಮೆರಿಕದ ಸಂವಿಧಾನದ ಮೊದಲನೆಯ ವಿಧಿಯು ಯುದ್ಧ ಘೋಷಿಸುವ ಅಧಿಕಾರವನ್ನು ಅಧ್ಯಕ್ಷರಿಗಲ್ಲ, ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ ಕೊಟ್ಟಿದೆ. ವಿಯೆಟ್ನಾಮಿನ ಕಹಿ ಅನುಭವದ ಬಳಿಕ 1973ರಲ್ಲಿ ಮಾಡಿದ ಯುದ್ಧಾಧಿಕಾರ ನಿರ್ಣಯವು, ಸೇನೆಯನ್ನು ಕದನಕ್ಕೆ ಇಳಿಸಿದ 48 ಗಂಟೆಗಳೊಳಗೆ ಅಧ್ಯಕ್ಷರು ವರದಿ ಸಲ್ಲಿಸಬೇಕೆಂದೂ ಸಂಸತ್ತಿನ ಒಪ್ಪಿಗೆಯಿಲ್ಲದೆ 60 ದಿನಗಳಾಚೆ ಕದನವನ್ನು ಮುಂದುವರಿಸಬಾರದೆಂದೂ ವಿಧಿಸುತ್ತದೆ. ದಾಳಿಗೆ ಮೊದಲೇ, ಜೂನ್ 16ರಂದು, ಸೆನೆಟರ್ ಟಿಮ್ ಕೇನ್ ಅವರು ಸಂಸತ್ತಿನ ಅನುಮತಿಯಿಲ್ಲದೆ ಇರಾನಿನ ವಿರುದ್ಧ ಕದನಕ್ಕೆ ಇಳಿಯಬಾರದೆಂಬ ನಿರ್ಣಯವನ್ನು ಮಂಡಿಸಿದ್ದರು. ಅದು ಮತಕ್ಕೆ ಬಂದದ್ದು ಜೂನ್ 27ರಂದು, ಬಾಂಬುಗಳು ಬಿದ್ದು ಐದು ದಿನಗಳ ಮೇಲೆ. 47 ಮತಗಳು ಪರವಾಗಿಯೂ 53 ವಿರೋಧವಾಗಿಯೂ ಬಿದ್ದು ನಿರ್ಣಯವು ಸೋತಿತು.

ಇದು ಅಮೆರಿಕದ ಕಥೆ ಮಾತ್ರವಲ್ಲ. ಇಸ್ರೇಲಿನಲ್ಲಿ ಪ್ರಧಾನಿಯನ್ನು ದಿನನಿತ್ಯ ಟೀಕಿಸುತ್ತಿದ್ದ ವಿರೋಧ ಪಕ್ಷದ ನಾಯಕ ಯಾಯಿರ್ ಲಪಿದ್ ಅವರೂ ದಾಳಿಯ ಬೆಂಬಲಕ್ಕೆ ನಿಂತರು. ಇರಾನಿನ ಸಂಸತ್ತಾದ ಮಜ್ಲಿಸ್ ಜೂನ್ 25ರಂದು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೊಂದಿಗಿನ ಸಹಕಾರವನ್ನು ತಡೆಹಿಡಿಯುವ ಮಸೂದೆಯನ್ನು ಒಂದು ವಿರೋಧ ಮತವೂ ಇಲ್ಲದೆ ಅಂಗೀಕರಿಸಿತು. ಮೂರು ದೇಶಗಳಲ್ಲಿಯೂ ಭಯವು ಒಂದೇ ಕೆಲಸ ಮಾಡಿತು: ಪ್ರಶ್ನಿಸಬೇಕಾದವರನ್ನು ಒಪ್ಪಿಗೆ ಸೂಚಿಸುವವರನ್ನಾಗಿ ಮಾಡಿತು.

ಬೆಂಬಲಿಸಿದವರ ವಾದವನ್ನು ನಾವು ಹಗುರವಾಗಿ ತಳ್ಳಿಹಾಕಬಾರದು. ನತಾಂಜ್ ಕೇಂದ್ರವು 2002ರಲ್ಲಿ, ಫೋರ್ಡೊ 2009ರಲ್ಲಿ ಜಗತ್ತಿಗೆ ತಿಳಿದವು; ಇರಾನ್ ತಾನಾಗಿ ಮುಂಚಿತವಾಗಿ ಹೇಳಿರಲಿಲ್ಲ. ದಾಳಿಯ ಹೊತ್ತಿಗೆ ಶೇಕಡಾ 60ರಷ್ಟು ಸಾಂದ್ರಗೊಳಿಸಿದ ಸುಮಾರು 440 ಕಿಲೋ ಯುರೇನಿಯಂ ಅದರ ಬಳಿ ಇತ್ತು. ವಿದ್ಯುತ್ ಸ್ಥಾವರಗಳಿಗೆ ಸಾಮಾನ್ಯವಾಗಿ ಬೇಕಾದುದು ಶೇಕಡಾ 5ರೊಳಗಿನ ಸಾಂದ್ರತೆ. ಬಾಂಬಿಗೆ ಬೇಕಾದುದು ಶೇಕಡಾ 90ರ ಹತ್ತಿರ. ನೆರೆರಾಷ್ಟ್ರವನ್ನು ಭೂಪಟದಲ್ಲಿ ಕಾಣಲೊಲ್ಲದ ಆಡಳಿತವೊಂದರ ಕೈಯಲ್ಲಿ ಅಂಥ ಅಸ್ತ್ರ ಬಂದ ಮೇಲೆ ಎಚ್ಚೆತ್ತು ಪ್ರಯೋಜನವೇನು ಎಂಬ ಪ್ರಶ್ನೆಯಲ್ಲಿ ಪ್ರಾಣಭಯವಿದೆ. ಪ್ರಾಣಭಯವನ್ನು ಅಪಹಾಸ್ಯ ಮಾಡುವುದು ಧರ್ಮವಲ್ಲ.

ಆದರೆ ಭಯವು ಪ್ರಮಾಣವಲ್ಲ. ನಮ್ಮ ಊರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಇಲ್ಲಿ ಅನೇಕ ಕೃಷಿಕರ ಮನೆಗಳಲ್ಲಿ ಬೆಳೆರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳಿವೆ. ಚುನಾವಣೆ ಬಂತೆಂದರೆ ಅವುಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಆದೇಶ ಬರುತ್ತದೆ; ಕಾಡುಹಂದಿ ತೋಟಕ್ಕೆ ನುಗ್ಗುವ ಕಾಲದಲ್ಲಿಯೂ ಗೊಣಗುತ್ತಲೇ ಒಯ್ದು ಇಡುತ್ತೇವೆ. ನೆರೆಮನೆಯವನು ಪರವಾನಗಿಯಿಲ್ಲದ ಕೋವಿ ಮಾಡಿಸುತ್ತಿದ್ದಾನೆಂಬ ಸಂಶಯ ನನಗಿದ್ದರೆ ನಾನು ಠಾಣೆಗೆ ದೂರು ಕೊಡಬಹುದು, ಶೋಧನೆಗೆ ಒತ್ತಾಯಿಸಬಹುದು. ರಾತ್ರಿ ಹೋಗಿ ಅವನ ಮನೆಗೆ ಬೆಂಕಿ ಹಚ್ಚಿದರೆ ನನ್ನ ಸಂಶಯ ನಿಜವೇ ಆಗಿದ್ದರೂ ನಾನು ಅಪರಾಧಿಯೇ. ರಾಷ್ಟ್ರಗಳ ನಡುವೆ ಅಷ್ಟು ಬಲವಾದ ಪೊಲೀಸ್ ಠಾಣೆ ಇಲ್ಲ ಎಂಬುದು ನಿಜ. ಆದುದರಿಂದಲೇ ಇರುವ ತಪಾಸಣೆಗಾರರನ್ನು ಉಳಿಸಿಕೊಳ್ಳುವುದು ಹೆಚ್ಚು ಅಗತ್ಯ.

ಸಂತ ಥಾಮಸ್ ಅಕ್ವಿನಾಸರು ನ್ಯಾಯಯುದ್ಧಕ್ಕೆ ಮೂರು ಷರತ್ತುಗಳನ್ನು ಹೇಳಿದ್ದಾರೆ: ಅಧಿಕಾರವುಳ್ಳವರ ಆಜ್ಞೆ, ನ್ಯಾಯವಾದ ಕಾರಣ, ಸದುದ್ದೇಶ. ಎರಡನೆಯದನ್ನು ವಿವರಿಸುವಾಗ ಅವರು ಎದುರಾಳಿಯು ಮಾಡಿದ ತಪ್ಪಿನ ಬಗ್ಗೆ ಮಾತನಾಡುತ್ತಾರೆಯೇ ಹೊರತು ಮುಂದೆ ಮಾಡಬಹುದಾದ ತಪ್ಪಿನ ಬಗ್ಗೆ ಅಲ್ಲ. ಇರಾಕ್ ಯುದ್ಧದ ಸಿದ್ಧತೆ ನಡೆಯುತ್ತಿದ್ದ 2002ರಲ್ಲಿ, ಮುಂದೆ ಜಗದ್ಗುರುಗಳಾದ ಕಾರ್ಡಿನಲ್ ರಾಟ್ಸಿಂಗರ್ ಅವರು, ಮುನ್ನೆಚ್ಚರಿಕೆಯ ಯುದ್ಧವೆಂಬ ಕಲ್ಪನೆ ಪವಿತ್ರ ಸಭೆಯ ಧರ್ಮೋಪದೇಶ ಗ್ರಂಥದಲ್ಲಿ ಇಲ್ಲವೆಂದು ಸ್ಪಷ್ಟಪಡಿಸಿದ್ದರು. ಎತ್ತಿದ ಕೈಯನ್ನು ತಡೆಯುವುದಕ್ಕೂ ಎತ್ತಬಹುದಾದ ಕೈಯನ್ನು ಮುರಿಯುವುದಕ್ಕೂ ಇರುವ ವ್ಯತ್ಯಾಸ ಇದು.

ಆ ವ್ಯತ್ಯಾಸವನ್ನು ನಿರ್ಣಯಿಸಬೇಕಾದರೆ ಸಾಕ್ಷ್ಯವನ್ನು ಪರಿಶೀಲಿಸಬೇಕು. ಪರಿಶೀಲಿಸುವ ಜಾಗವೇ ಶಾಸನಸಭೆ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಕುರಿತು ಬರೆದ ಪ್ರಬಂಧದಲ್ಲಿ ಸರಳವಾದ ಒಂದು ತರ್ಕವಿದೆ. ಯುದ್ಧದ ಕಷ್ಟವನ್ನೂ ಖರ್ಚನ್ನೂ ಹೊರಬೇಕಾದವರು ಪ್ರಜೆಗಳು. ಅವರ ಒಪ್ಪಿಗೆ ಕಡ್ಡಾಯವಾದಲ್ಲಿ ಅವರು ಹತ್ತು ಸಲ ಯೋಚಿಸುತ್ತಾರೆ. ಹೊರುವವನನ್ನು ಕೇಳದೆ ಹೊರೆ ಹೊರಿಸಬಾರದು ಎಂಬುದು ಇದರ ಸಾರ. ಪ್ರತಿನಿಧಿಯು ಮುಂಚಿತವಾಗಿ ಪ್ರಶ್ನಿಸದೆ ಆಮೇಲೆ ಚಪ್ಪಾಳೆ ತಟ್ಟಿದರೆ ಆ ತಡೆಯೇ ಕಳಚಿಬೀಳುತ್ತದೆ.

ಮುಂಚಿತವಾಗಿ ಮತ ಹಾಕಿದ ಮಾತ್ರಕ್ಕೆ ಎಲ್ಲ ಸರಿಯಾಯಿತೆಂದೂ ಹೇಳುವಂತಿಲ್ಲ. 2002ರ ಅಕ್ಟೋಬರಿನಲ್ಲಿ ಅಮೆರಿಕದ ಪ್ರತಿನಿಧಿ ಸಭೆ 296–133 ಮತಗಳಿಂದಲೂ ಸೆನೆಟ್ 77–23 ಮತಗಳಿಂದಲೂ ಇರಾಕಿನ ಮೇಲೆ ಬಲಪ್ರಯೋಗಕ್ಕೆ ಅನುಮತಿ ನೀಡಿದವು. ಯಾವ ಸಾಮೂಹಿಕ ವಿನಾಶದ ಅಸ್ತ್ರಗಳ ಹೆಸರಿನಲ್ಲಿ ಕೈ ಎತ್ತಿದರೋ ಅವು ಅಲ್ಲಿ ಸಿಗಲೇ ಇಲ್ಲ. ಕಾಲಕ್ಕೆ ಮುನ್ನ ಕೇಳಿದರಷ್ಟೇ ಸಾಲದು, ಸರಿಯಾದುದನ್ನು ಕೇಳಬೇಕು.

ಕೇಳಬೇಕಾದ ಮುಖ್ಯ ಪ್ರಶ್ನೆ, ಬಾಂಬಿನಿಂದ ಈ ಕೆಲಸ ಆಗುತ್ತದೆಯೇ ಎಂಬುದು. 1981ರ ಜೂನ್ 7ರಂದು ಇಸ್ರೇಲ್ ಇರಾಕಿನ ಒಸಿರಾಕ್ ಸ್ಥಾವರವನ್ನು ನಾಶಮಾಡಿತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಅಮೆರಿಕವೂ ಸೇರಿದಂತೆ ಸರ್ವಾನುಮತದಿಂದ ಅದನ್ನು ಖಂಡಿಸಿತು. ಆ ಬಳಿಕ ಇರಾಕ್ ತನ್ನ ಕಾರ್ಯಕ್ರಮವನ್ನು ನೆಲದ ಮೇಲಿನಿಂದ ಮರೆಗೆ ಒಯ್ದು ಇನ್ನಷ್ಟು ದೊಡ್ಡದಾಗಿ ನಡೆಸಿದ್ದು 1991ರ ಕೊಲ್ಲಿ ಯುದ್ಧದ ತರುವಾಯ ಬೆಳಕಿಗೆ ಬಂತು. ಕೊನೆಗೆ ಅದನ್ನು ಬಿಚ್ಚಿಹಾಕಿದವರು ಕಡತ ಹಿಡಿದು ಹೋದ ತಪಾಸಣೆಗಾರರು. 2007ರಲ್ಲಿ ಸಿರಿಯಾದಲ್ಲಿ ನೆಲಸಮವಾದ ಸ್ಥಾವರ ಮತ್ತೆ ಏಳಲಿಲ್ಲವೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೆ ಅದು ಒಂದೇ ಕಟ್ಟಡ. ಇರಾನಿನದು ದಶಕಗಳ ವಿದ್ಯೆ. ವಿದ್ಯೆಯ ಮೇಲೆ ಬಾಂಬು ಹಾಕಲಾಗದು. 2015ರ ಒಪ್ಪಂದವು ಇರಾನಿನ ಸಾಂದ್ರತೆಯನ್ನು ಶೇಕಡಾ 3.67ಕ್ಕೂ ದಾಸ್ತಾನನ್ನು 300 ಕಿಲೋಗೂ ಮಿತಿಗೊಳಿಸಿತ್ತು, ತಪಾಸಣೆಗಾರರು ಒಳಗಿದ್ದರು. 2018ರ ಮೇ ತಿಂಗಳಲ್ಲಿ ಅಮೆರಿಕ ಅದರಿಂದ ಹೊರನಡೆಯಿತು. ಶೇಕಡಾ 60ರ ಮಾತು ಹುಟ್ಟಿದ್ದು ಆಮೇಲೆ. 2025ರ ದಾಳಿಯ ಬಳಿಕ ಆ 440 ಕಿಲೋ ಎಲ್ಲಿದೆಯೆಂದು ಪರಿಶೀಲಿಸುವುದು ತಪಾಸಣೆಗಾರರಿಗೆ ಸಾಧ್ಯವಾಗಲಿಲ್ಲ. ಕಾಣುತ್ತಿದ್ದುದು ಕಾಣದಂತಾದುದು ಭದ್ರತೆಯೇ?

ಇದೆಲ್ಲ ದೂರದ ಮಾತೆಂದು ಓದುಗರು ಪುಟ ಮಗುಚಬಾರದು. ನಮ್ಮದೇ ರಾಜ್ಯದ ಉತ್ತರ ಕನ್ನಡದಲ್ಲಿ ಕಾಳಿ ನದಿಯ ದಡದ ಕೈಗಾ ಇದೆ. ತಲಾ 220 ಮೆಗಾವಾಟಿನ ನಾಲ್ಕು ಅಣುವಿದ್ಯುತ್ ಘಟಕಗಳು ಅಲ್ಲಿವೆ. ಒಸಿರಾಕ್ ದಾಳಿಯ ಬಳಿಕ, 1980ರ ದಶಕದಲ್ಲಿ, ಭಾರತವು ಪಾಕಿಸ್ತಾನದ ಕಹೂಟಾ ಕೇಂದ್ರದ ಮೇಲೆ ಅಂತಹುದೇ ದಾಳಿ ನಡೆಸೀತೆಂಬ ವದಂತಿಗಳು ದಟ್ಟವಾಗಿದ್ದವು. ಎರಡೂ ದೇಶಗಳಿಗೆ ಪರಸ್ಪರ ಸಂಶಯಕ್ಕೆ ಕಾರಣಗಳು ಸಾಕಷ್ಟಿದ್ದವು. ಆದರೂ 1988ರ ಡಿಸೆಂಬರ್ 31ರಂದು, ರಾಜೀವ್ ಗಾಂಧಿ ಮತ್ತು ಬೆನಜೀರ್ ಭುಟ್ಟೋ ಅವರ ಕಾಲದಲ್ಲಿ, ಒಬ್ಬರ ಅಣುಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡಬಾರದೆಂಬ ಒಪ್ಪಂದಕ್ಕೆ ಇಸ್ಲಾಮಾಬಾದಿನಲ್ಲಿ ಸಹಿ ಬಿತ್ತು. 1991ರ ಜನವರಿಯಲ್ಲಿ ಅದು ಜಾರಿಗೆ ಬಂತು. 1992ರಿಂದ ಪ್ರತಿ ಜನವರಿ 1ರಂದು ಎರಡು ದೇಶಗಳು ತಮ್ಮ ಸ್ಥಾವರಗಳ ಪಟ್ಟಿಯನ್ನು, ಅವು ಇರುವ ಅಕ್ಷಾಂಶ ರೇಖಾಂಶಗಳ ಸಹಿತ, ವಿನಿಮಯ ಮಾಡಿಕೊಳ್ಳುತ್ತ ಬಂದಿವೆ. ಕೈಗಾದಂತಹ ವಿದ್ಯುತ್ ಸ್ಥಾವರಗಳೂ ಒಪ್ಪಂದದ ವ್ಯಾಖ್ಯೆಯೊಳಗೆ ಬರುತ್ತವೆ.

ಇದರ ಅರ್ಥವನ್ನು ಗಮನಿಸಿ. ಶತ್ರುವಿಗೆ ನಮ್ಮ ಮರ್ಮಸ್ಥಾನದ ವಿಳಾಸವನ್ನು ನಾವೇ ಬರೆದುಕೊಡುತ್ತೇವೆ. ಅವರದನ್ನು ನಾವು ಪಡೆಯುತ್ತೇವೆ. 1999ರ ಕಾರ್ಗಿಲ್ ಯುದ್ಧದ ತರುವಾಯವೂ 2019ರ ಪುಲ್ವಾಮ ಮತ್ತು ಬಾಲಾಕೋಟ್ ಘಟನೆಗಳ ತರುವಾಯವೂ ಈ ಪದ್ಧತಿ ನಿಲ್ಲಲಿಲ್ಲ. ಇಲ್ಲಿ ಪ್ರೀತಿ ಇಲ್ಲ, ವಿಶ್ವಾಸವೂ ಹೆಚ್ಚಿಲ್ಲ, ವಿವೇಕವಿದೆ. ಒಡೆದ ಅಣುಸ್ಥಾವರದ ವಿಷವು ಗಡಿ ನೋಡಿ ಹರಡುವುದಿಲ್ಲ ಎಂಬಷ್ಟು ತಿಳಿವಳಿಕೆ ಎರಡೂ ಕಡೆಯವರಿಗೆ ಇತ್ತು.

ನಮ್ಮ ಸಂಸತ್ತಿಗೂ ಕೇಳಿದ ಚರಿತ್ರೆಯಿದೆ. 1962ರಲ್ಲಿ ಚೀನಾದೊಡನೆ ಕದನ ನಡೆಯುತ್ತಿದ್ದಾಗಲೇ ಅಧಿವೇಶನವನ್ನು ಹಿಂದಕ್ಕೆಳೆದು ನವೆಂಬರ್ 8ರಂದು ಆರಂಭಿಸಲಾಯಿತು. ತರುಣ ಸದಸ್ಯ ವಾಜಪೇಯಿಯವರು ನೆಹರೂ ಅವರನ್ನು ಎದುರಿಗೇ ಪ್ರಶ್ನಿಸಿದರು. ಯಾರೂ ಅವರನ್ನು ದೇಶದ್ರೋಹಿ ಎಂದು ಸಭೆಯಿಂದ ಅಟ್ಟಲಿಲ್ಲ. ಅದೇ ವಾಜಪೇಯಿಯವರು ಪ್ರಧಾನಿಯಾಗಿದ್ದ 2003ರ ಏಪ್ರಿಲಿನಲ್ಲಿ ಲೋಕಸಭೆಯು ಇರಾಕ್ ಯುದ್ಧವನ್ನು ನಿಂದಿಸುವ ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸಿತು. ಬಗ್ದಾದಿನಲ್ಲಿ ಬಾಂಬು ನಿಲ್ಲಲಿಲ್ಲ, ನಿಜ. ಆದರೆ ಒಂದು ಪ್ರಜಾಪ್ರಭುತ್ವ ತನ್ನ ಮನಸ್ಸನ್ನು ದಾಖಲೆಯಲ್ಲಿ ಬರೆದಿಟ್ಟಿತು.

ಹಾಗಾದರೆ ಶಿರಾಡಿ ಘಾಟಿಯ ಬುಡದಲ್ಲಿ ಕುಳಿತ ನಮ್ಮ ಪಾಲು ಏನು? ಮಂಗಳೂರಿನಿಂದ ಅನಿಲ ತುಂಬಿ ಘಾಟಿ ಹತ್ತುವ ಟ್ಯಾಂಕರುಗಳನ್ನು ನಾವು ದಿನವೂ ನೋಡುತ್ತೇವೆ. ಕೊಲ್ಲಿಯಲ್ಲಿ ಕಿಡಿ ಹಾರಿದರೆ ಅದರ ಬೆಲೆ ನಮ್ಮ ಅಡುಗೆಮನೆಗೂ ತಲುಪುತ್ತದೆ. ಮಕ್ಕಳನ್ನು ಕಳುಹಿಸಿದವರು ನಾವು. ಆದುದರಿಂದ ಮತ ಕೇಳಲು ಬರುವವರ ಬಳಿ ರಸ್ತೆ, ಸೇತುವೆ, ಆನೆ ಕಂದಕದ ಜೊತೆಗೆ ಇದನ್ನೂ ವಿಚಾರಿಸುವ ಹಕ್ಕು ನಮಗಿದೆ: ಯುದ್ಧದ ಮಾತು ಬಂದಾಗ ನೀವು ಮೊದಲು ಪ್ರಶ್ನೆ ಕೇಳುತ್ತೀರೋ, ಮೊದಲು ಕೈ ಎತ್ತುತ್ತೀರೋ? ನೆರೆಯ ದೇಶದ ಮೇಲೆ ಬಾಂಬು ಬಿದ್ದಾಗ ಮೊಬೈಲಿನಲ್ಲಿ ಹೆಬ್ಬೆರಳು ಎತ್ತಿ ತೋರಿಸುವ ನಮ್ಮ ತರುಣರಿಗೂ ಇದೇ ಪ್ರಶ್ನೆ.

ಕತಾರಿನ ಮಗ ಎರಡು ದಿನಗಳ ಬಳಿಕ ಫೋನು ಮಾಡಿದ; ಮಗಳೂ ಕ್ಷೇಮವೆಂದು ತಿಳಿಯಿತು. ಆ ತಾಯಿ ಮುಂದಿನ ಆದಿತ್ಯವಾರ ಮೋಂಬತ್ತಿ ಹಚ್ಚಲು ಬಂದಾಗ ನಾನು ನನ್ನ ಸಾಲವನ್ನು ತೀರಿಸಿದೆ. "ಕೇಳಿದವರು 47 ಮಂದಿ ಇದ್ದರು, ಅಮ್ಮ. ಆರು ಮತ ಕಡಿಮೆಯಾಯಿತು," ಎಂದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಅವರಿಗೂ ಒಂದು ಬತ್ತಿ ಹಚ್ಚುತ್ತೇನೆ ಫಾದರ್" ಎಂದು ಇನ್ನೊಂದು ಮೋಂಬತ್ತಿ ತೆಗೆದುಕೊಂಡರು.